ಡಿ.ಓ. ಅಂದರೆ ಮೂಳೆ ಡಾಕ್ಟರಲ್ಲ: ಮಿಷಿಗನ್‌ಗೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದ ಮೊದಲ ಚಳಿಗಾಲ. ಮನೆ ಮುಂದಿನ ಹಿಮ ಎತ್ತಿಹಾಕಲು ಹೋಗಿ ನನ್ನ ಸೊಂಟ ಹಿಡಿದುಕೊಂಡಿತು. ಇನ್ಶೂರೆನ್ಸ್ ಪಟ್ಟಿಯಲ್ಲಿ ಸಿಕ್ಕ ಹತ್ತಿರದ ಡಾಕ್ಟರ ಹೆಸರಿನ ಮುಂದೆ ಎಂ.ಡಿ. ಇರಲಿಲ್ಲ, ಡಿ.ಓ. ಅಂತಿತ್ತು. ಊರಿಗೆ ಫೋನ್ ಮಾಡಿದಾಗ ಅಮ್ಮ, ‘ಪುತ್ತೂರು ಕಟ್ಟು ಹಾಕೋರೇನೋ?’ ಅಂದರು. ನನಗೂ ಅದೇ ಅನುಮಾನ. ಅಪಾಯಿಂಟ್‌ಮೆಂಟ್ ರದ್ದು ಮಾಡಿಸಿ, ಆ ಸೊಂಟ ಹಿಡಿದುಕೊಂಡೇ ಮುಕ್ಕಾಲು ಗಂಟೆ ಕಾರು ಓಡಿಸಿ ಎಂ.ಡಿ. ಒಬ್ಬರನ್ನು ಹುಡುಕಿಕೊಂಡು ಹೋದೆ. ಅವರು ಎರಡು ಮಾತ್ರೆ ಬರೆದುಕೊಟ್ಟರು. ಆ ದಡ್ಡತನ ನೀವು ಮಾಡಬೇಡಿ.

ಡಿ.ಓ. ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್. ಅಮೆರಿಕದಲ್ಲಿ ಇವರು ಪೂರ್ಣ ಪ್ರಮಾಣದ ವೈದ್ಯರು. ಔಷಧ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ಹೃದಯ ತಜ್ಞರೂ ಆಗುತ್ತಾರೆ. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಶ್ವೇತಭವನದ ವೈದ್ಯರಾಗಿದ್ದ ಶಾನ್ ಕಾನ್ಲಿ, ಆಮೇಲೆ ಬೈಡನ್ ಅವರ ವೈದ್ಯರಾಗಿದ್ದ ಕೆವಿನ್ ಓಕಾನರ್, ಇಬ್ಬರೂ ಡಿ.ಓ.ಗಳೇ. ಗೊಂದಲ ಆಗುವುದು ಯಾಕೆಂದರೆ, ಇಂಗ್ಲೆಂಡಿನಲ್ಲಿ ಆಸ್ಟಿಯೋಪಾತ್ ಅಂದರೆ ಕೈಯಿಂದ ಚಿಕಿತ್ಸೆ ಕೊಡುವವರು ಮಾತ್ರ, ಅವರು ಔಷಧ ಬರೆಯುವ ಡಾಕ್ಟರಲ್ಲ. ಲಂಡನ್ನಿನಲ್ಲಿರುವ ಭಾವಮೈದುನನ್ನು ಕೇಳಿದರೆ ಅವನು ಹೇಳುವುದು ಅಲ್ಲಿನ ಕಥೆ.

ಈ ಪದ್ಧತಿಯ ಮೂಲಪುರುಷ ಆಂಡ್ರೂ ಟೇಲರ್ ಸ್ಟಿಲ್. 1864ರಲ್ಲಿ ಮಿದುಳುಪೊರೆಯ ಉರಿಯೂತದಿಂದ ಅವರ ಮೂವರು ಮಕ್ಕಳು ತೀರಿಕೊಂಡರು. ಪಾದರಸದಂಥದ್ದನ್ನೇ ಔಷಧಿ ಎಂದು ಕೊಡುತ್ತಿದ್ದ ಕಾಲ ಅದು. ಅದರಲ್ಲಿ ನಂಬಿಕೆ ಕಳೆದುಕೊಂಡ ಸ್ಟಿಲ್, ಮೂಳೆ-ಸ್ನಾಯುಗಳನ್ನು ಸರಿಪಡಿಸುವ ದಾರಿ ಹಿಡಿದು 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಕಾಲಕ್ರಮೇಣ ಆಧುನಿಕ ವೈದ್ಯವೆಲ್ಲ ಆ ಪಠ್ಯದೊಳಗೆ ಬಂತು. ಕೈಚಿಕಿತ್ಸೆಯೂ ಉಳಿದುಕೊಂಡಿತು.

ನಿಮ್ಮ ಮಕ್ಕಳೂ ಡಿ.ಓ. ಓದಬಹುದಾದ ನಮ್ಮ ಈಸ್ಟ್ ಲ್ಯಾನ್ಸಿಂಗ್ ಕಾಲೇಜಿನ ಕಥೆ ಶುರುವಾಗುವುದು ಇನ್ನೊಂದು ರಾಜ್ಯದ ಏಟಿನಿಂದ. 1962ರಲ್ಲಿ ಕ್ಯಾಲಿಫೋರ್ನಿಯಾದ ಡಿ.ಓ.ಗಳು 65 ಡಾಲರ್ ಕಟ್ಟಿ ತಮ್ಮ ಪದವಿಯನ್ನು ಎಂ.ಡಿ.ಗೆ ಬದಲಾಯಿಸಿಕೊಂಡರು. ಅಲ್ಲಿದ್ದ ಅವರ ಕಾಲೇಜೂ ಎಂ.ಡಿ. ಕಾಲೇಜಾಯಿತು. ವೃತ್ತಿಯೇ ಕರಗಿಹೋಗುತ್ತದೆ ಎಂಬ ಭಯ ಹುಟ್ಟಿದ್ದು ಆಗ. ಮಿಷಿಗನ್‌ನ ಡಿ.ಓ.ಗಳು ಮಾಡಿದ್ದು ಅದರ ತದ್ವಿರುದ್ಧ: ದುಡ್ಡು ಕೂಡಿಸಿ 1969ರಲ್ಲಿ ಪಾಂಟಿಯಾಕ್‌ನಲ್ಲಿ ಖಾಸಗಿ ಕಾಲೇಜು ಆರಂಭಿಸಿದರು. ಅದೇ ವರ್ಷ ರಾಜ್ಯದ ಶಾಸನಸಭೆಯೂ ಇಂಥ ಕಾಲೇಜೊಂದು ಸರ್ಕಾರಿ ವಿಶ್ವವಿದ್ಯಾಲಯದೊಳಗೆ ಇರಬೇಕೆಂದು ಕಾಯ್ದೆ ಮಾಡಿತು. 1971ರಲ್ಲಿ ಪಾಂಟಿಯಾಕ್ ಕಾಲೇಜು ಈಸ್ಟ್ ಲ್ಯಾನ್ಸಿಂಗ್ ಊರಿನ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಗೆ ಬಂತು. ಮೊದಲ ಡೀನ್ ಮೈರನ್ ಮೇಗನ್. ಸರ್ಕಾರದ ನೆರವಿನಿಂದ, ವಿಶ್ವವಿದ್ಯಾಲಯದೊಳಗೆ ನಡೆಯುವ ದೇಶದ ಮೊದಲ ಆಸ್ಟಿಯೋಪಥಿಕ್ ಕಾಲೇಜು ಇದು. ಅದೇ ವಿಶ್ವವಿದ್ಯಾಲಯದಲ್ಲಿ ಎಂ.ಡಿ. ಕಾಲೇಜೂ ಇದೆ, ಒಂದೇ ಮನೆಯಲ್ಲಿ ಇಬ್ಬರು ವಾರಗಿತ್ತಿಯರ ಹಾಗೆ. ಡಿ.ಓ. ಕಾಲೇಜು ಇರುವುದು ಹಿಂದೆ ಹಾಸ್ಟೆಲ್ ಆಗಿದ್ದ ಈಸ್ಟ್ ಫೀ ಹಾಲ್‌ನಲ್ಲಿ. ಹೊರಗಿನಿಂದ ನೋಡಿ ಮೂಗು ಮುರಿಯಬೇಡಿ.

2009ರಿಂದ ಡೆಟ್ರಾಯಿಟ್ ಮತ್ತು ಮಕೋಂಬ್‌ನಲ್ಲೂ ಕ್ಯಾಂಪಸ್ ಇದೆ. ಟ್ರಾಯ್, ಸ್ಟರ್ಲಿಂಗ್ ಹೈಟ್ಸ್ ಕಡೆ ಮನೆ ಮಾಡಿರುವವರಿಗೆ ಇದು ಕಿವಿಗೆ ಬಿದ್ದಿರಲಿ, ಮಗು ಮನೆಯಿಂದಲೇ ಓದಬಹುದು. ಒಟ್ಟು ನಾಲ್ಕು ವರ್ಷ. ಮೊದಲೆರಡು ಪಾಠ, ಉಳಿದೆರಡು ಮುಖ್ಯವಾಗಿ ರಾಜ್ಯದ ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ. ಸಂಶೋಧನೆಯ ಹುಚ್ಚಿದ್ದರೆ ಡಿ.ಓ. ಜೊತೆಗೇ ಪಿಎಚ್.ಡಿ. ಮಾಡುವ ದಾರಿಯೂ ಉಂಟು. ಡಿ.ಓ.ಗಳ ಲೈಸೆನ್ಸ್ ಪರೀಕ್ಷೆಯ ಹೆಸರು ಕಾಮ್‌ಲೆಕ್ಸ್. ದೊಡ್ಡ ಸ್ಪೆಷಾಲಿಟಿಗಳ ಮೇಲೆ ಕಣ್ಣಿಟ್ಟವರು ಎಂ.ಡಿ.ಗಳು ಬರೆಯುವ ಯು.ಎಸ್.ಎಂ.ಎಲ್.ಇ. ಪರೀಕ್ಷೆಯನ್ನೂ ಬರೆಯುತ್ತಾರೆ. 2020ರಿಂದ ರೆಸಿಡೆನ್ಸಿಗೆ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿಗೆ, ಎಂ.ಡಿ., ಡಿ.ಓ. ಇಬ್ಬರಿಗೂ ಒಂದೇ ಮಾನ್ಯತೆಯ ವ್ಯವಸ್ಥೆ.

ಅರ್ಜಿಯ ವಿಷಯದಲ್ಲಿ ನಮ್ಮವರು ಎಡವುವುದು ಇಲ್ಲಿ: ಎಂ.ಡಿ. ಕಾಲೇಜುಗಳ ಅರ್ಜಿ ಆಮ್‌ಕಾಸ್ ಎಂಬ ಆನ್‌ಲೈನ್ ಸೇವೆಯಲ್ಲಿ, ಡಿ.ಓ. ಅರ್ಜಿ ಆಕೋಮಾಸ್ ಎಂಬ ಬೇರೆ ಸೇವೆಯಲ್ಲಿ. ಒಂದು ತುಂಬಿದರೆ ಇನ್ನೊಂದು ತಾನಾಗಿ ಹೋಗುವುದಿಲ್ಲ. ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಎರಡಕ್ಕೂ ಬೇಕು. ಡಿ.ಓ. ಒಬ್ಬರ ಜೊತೆ ಕೆಲವು ದಿನ ಕ್ಲಿನಿಕ್‌ನಲ್ಲಿ ನಿಂತು ನೋಡಿ, ಅವರಿಂದ ಶಿಫಾರಸು ಪತ್ರ ಪಡೆದರೆ ಒಳ್ಳೆಯದು. ಪರಿಚಯದವರು ಇಲ್ಲದಿದ್ದರೆ ಪಂಪ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ವಿಚಾರಿಸಿ, ಯಾರಾದರೂ ದಾರಿ ತೋರಿಸುತ್ತಾರೆ.

ಇನ್ನು ವೀಸಾ. ಎಚ್1ಬಿ ಕೆಲಸಗಾರರ ಮನೆಯವರಿಗೆ ಸಿಗುವ ಎಚ್4ನಲ್ಲಿರುವ ಮಗುವಿಗೆ 21 ತುಂಬಿದರೆ ಆ ವೀಸಾ ಮುಗಿಯಿತು. ಮೆಡಿಕಲ್ ಸೇರುವ ವಯಸ್ಸು ಸಾಮಾನ್ಯವಾಗಿ 22ರ ಮೇಲೆ. ಗ್ರೀನ್ ಕಾರ್ಡ್ ಇಲ್ಲದವರನ್ನು ಸೇರಿಸಿಕೊಳ್ಳದ ಸರ್ಕಾರಿ ಕಾಲೇಜುಗಳು ಬೇಕಾದಷ್ಟಿವೆ. ರಾಜ್ಯದ ನಿವಾಸಿಗೂ ಹೊರಗಿನವರಿಗೂ ಫೀಸಿನಲ್ಲಿ ಭಾರೀ ವ್ಯತ್ಯಾಸ. ಹೈಸ್ಕೂಲಿನಲ್ಲೇ ವಕೀಲರನ್ನು ಕೇಳಿ, ಕಾಲೇಜಿನ ಪ್ರವೇಶ ಕಚೇರಿಗೂ ಪತ್ರ ಬರೆಯಿರಿ. ಬಾಯಿಮಾತು ನಂಬಬೇಡಿ, ನನ್ನದನ್ನೂ ಸೇರಿಸಿ.

ಕೈಚಿಕಿತ್ಸೆ ಹೇಗಿರುತ್ತದೆ ಅಂತೀರಾ? ಸುಮಾರು 200 ಗಂಟೆ ಅದನ್ನು ಕಲಿಸುತ್ತಾರೆ. ಮಂಚದಂಥ ಟೇಬಲ್ ಮೇಲೆ ಒಬ್ಬ ವಿದ್ಯಾರ್ಥಿ ಮಲಗಿದರೆ ಇನ್ನೊಬ್ಬರು ಬೆರಳ ತುದಿಯಲ್ಲಿ ಬಿಗಿ ಹುಡುಕುತ್ತಾರೆ, ಆಮೇಲೆ ಸರದಿ ಬದಲು. ಗೆಳೆಯರ ಮಗಳೊಬ್ಬಳು ಹೀಗೆ ಓದುತ್ತಿದ್ದಾಗ ಹಬ್ಬಕ್ಕೆ ಮನೆಗೆ ಬಂದಿದ್ದಳು. ‘ಅಂಕಲ್, ಸ್ವಲ್ಪ ಮಲಗಿ’ ಅಂತ ನಮ್ಮ ಹಾಲಿನ ಜಮಖಾನದ ಮೇಲೆ ಮಲಗಿಸಿ, ಕತ್ತಿನ ಹಿಂದೆ ಎರಡೂ ಅಂಗೈ ಇಟ್ಟು, ಒತ್ತದೆ, ಎಳೆಯದೆ, ನಿಮಿಷಗಟ್ಟಲೆ ಸುಮ್ಮನೆ ಹಿಡಿದು ಕೂತಳು. ‘ಏನಮ್ಮಾ, ಶುರು ಮಾಡೋದಿಲ್ವಾ?’ ಅಂದೆ. ‘ಮುಗೀತು ಅಂಕಲ್, ಎದ್ದು ಕತ್ತು ತಿರುಗಿಸಿ ನೋಡಿ’ ಅಂದಳು. ಕಾರು ರಿವರ್ಸ್ ತೆಗೆಯುವಾಗ ತಿರುಗದಿದ್ದ ಕತ್ತು ಅವತ್ತು ಸಲೀಸಾಗಿ ತಿರುಗಿತು.