ಕಥೆಗಾರರೇ, ನಿಮ್ಮ ಹೆಸರು ಓದುಗರಿಗೆ ನೆನಪಿರಲಿ

ಒಂದು ಕಥೆ ಹಿಡಿಸುತ್ತದೆ. ಅವರದ್ದೇ ಇನ್ನೊಂದು ಓದೋಣ ಅಂತ ಹುಡುಕಿದರೆ ಸಿಗುವುದಿಲ್ಲ. ಪತ್ರಿಕೆಯಲ್ಲಿ ‘ಹೆಗಡೆ’, ಫೇಸ್‌ಬುಕ್‌ನಲ್ಲಿ ‘ಹೆಗ್ಡೆ’, ಪುಸ್ತಕದ ಮೇಲೆ ಇನ್ನೇನೋ ಕಾವ್ಯನಾಮ. ಪುಸ್ತಕಗಳ ಕರಡು ತಿದ್ದುವ ನನಗೆ ಇದನ್ನು ನೋಡಿ ನೋಡಿ ಬೇಜಾರಾಗಿದೆ. ಲೇಖಕರೂ ‘ಬ್ರ್ಯಾಂಡ್’ ಕಟ್ಟಿಕೊಳ್ಳಬೇಕು ಅನ್ನುತ್ತಾರಲ್ಲ, ಆ ಮಾತಿಗೆ ಹೆದರಬೇಡಿ. ಓದಿದವರು ಮತ್ತೆ ನಿಮ್ಮನ್ನು ಗುರುತು ಹಿಡಿಯಬೇಕು, ಅಷ್ಟೇ.

ಮೊದಲು ಹೆಸರು. ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಕಾವ್ಯನಾಮವಾದರೂ ಸರಿ. ಅನಸೂಯಾ ಶಂಕರ್ ಅಂದರೆ ಯಾರು ಅಂತ ಕೇಳುವವರಿಗೂ ತ್ರಿವೇಣಿ ಗೊತ್ತು, ಅಲ್ವಾ? ಇಂಗ್ಲಿಷ್ ಸ್ಪೆಲಿಂಗೂ ಎಲ್ಲ ಕಡೆ ಒಂದೇ ಇರಲಿ.

ಫೋಟೊ ಒಂದು ಸಾಕು. ಕಿಟಕಿಯ ಬೆಳಕಿಗೆ ಮುಖ ಮಾಡಿ ತೆಗೆಸಿಕೊಳ್ಳಿ. ಶಾಲು ಹಾರದ ಸನ್ಮಾನದ ಫೋಟೊ ಬೇಡವೇ ಬೇಡ.

ಜಾಸ್ತಿ ಜನ ಎಡವುವುದು ಲೇಖಕರ ಪರಿಚಯ ಬರೆಯುವಾಗ. ನನ್ನ ಮೇಜಿಗೆ ಬರುವ ಪರಿಚಯಗಳು ಹೆಚ್ಚುಕಡಿಮೆ ಹೀಗಿರುತ್ತವೆ: ‘ಬಾಲ್ಯದಿಂದಲೇ ಸಾಹಿತ್ಯದಲ್ಲಿ ಅಪಾರ ಆಸಕ್ತಿ ಹೊಂದಿರುವ ಇವರು ಹಲವು ಪ್ರಶಸ್ತಿಗಳಿಗೆ ಭಾಜನರಾಗಿದ್ದಾರೆ.’ ಇದನ್ನು ಯಾರ ಫೋಟೊ ಕೆಳಗೆ ಹಾಕಿದರೂ ನಡೆಯುತ್ತದೆ. ಆದ್ದರಿಂದಲೇ ಯಾರೂ ನೆನಪಿನಲ್ಲಿ ಉಳಿಯುವುದಿಲ್ಲ.

ಹೀಗೆ ಮಾಡಿ. ಮೊದಲು ನೂರು ಪದ ಬರೆಯಿರಿ. ‘ಅಪಾರ’, ‘ಆಸಕ್ತಿ’, ‘ಭಾಜನ’ ಹೊಡೆದುಹಾಕಿ. ಡಿಗ್ರಿಗಳನ್ನು ತೆಗೆಯಿರಿ. ಪ್ರಶಸ್ತಿಗಳಲ್ಲಿ ಒಂದೇ ಒಂದನ್ನು ಉಳಿಸಿ. ಈಗ ಎಲ್ಲಿಯವರು, ದಿನಾ ಏನು ನೋಡುತ್ತೀರಿ, ಯಾರ ಕಥೆ ಬರೆಯುತ್ತೀರಿ, ಇಷ್ಟನ್ನು ಸೇರಿಸಿ. ‘ಊರು ಕುಮಟಾ ಹತ್ತಿರ. ಹುಬ್ಬಳ್ಳಿಯ ಔಷಧಿ ಅಂಗಡಿಯಲ್ಲಿ ರಾತ್ರಿ ಪಾಳಿ. ಅಪರಾತ್ರಿಯಲ್ಲಿ ಚೀಟಿ ಹಿಡಿದು ಬರುವವರೇ ಇವರ ಕಥೆಗಳಲ್ಲಿ ಹೆಚ್ಚು. ಇದು ಮೊದಲ ಸಂಕಲನ.’ ಇಷ್ಟಾದರೆ ಸಾಕು. ನಿಮ್ಮ ಬಗ್ಗೆ ಅಷ್ಟಾಗಿ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಮರುದಿನ ಏನು ನೆನಪಿದೆ ಅಂತ ಕೇಳಿ. ಔಷಧಿ ಅಂಗಡಿ ನೆನಪಿದ್ದರೆ ಗೆದ್ದಿರಿ. ಏನೂ ಇಲ್ಲದಿದ್ದರೆ ಮತ್ತೆ ಬರೆಯಿರಿ. ನಾಲ್ಕು ಸಲ ಬರೆಯಬೇಕಾದರೂ ಬೇಸರಪಡಬೇಡಿ.

ಪರಿಚಯವನ್ನು ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಫೋನು ಕಂಪ್ಯೂಟರುಗಳಲ್ಲೂ ಓದಲು ಬರುವ ಅಕ್ಷರಗಳಲ್ಲೇ, ಟೈಪ್ ಮಾಡಿಡಿ. ಅಚ್ಚಿನ ಕೆಲಸಕ್ಕೆ ಬಳಸುವ ಹಳೆಯ ಡಿಟಿಪಿ ಫಾಂಟಿನಲ್ಲಿದ್ದರೆ ಇನ್ನೊಬ್ಬರ ಮೊಬೈಲಿನಲ್ಲಿ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ, ಗೂಗಲ್‌ಗೂ ಸಿಗುವುದಿಲ್ಲ. ಮಯೂರಕ್ಕೆ ಕಥೆ ಕಳಿಸಿದರೂ ತುಷಾರಕ್ಕೆ ಕಳಿಸಿದರೂ ಇದೇ ಪರಿಚಯ, ಇದೇ ಫೋಟೊ.

ಒಂದು ಎಚ್ಚರಿಕೆ. ‘ನೋಂದಣಿ ಶುಲ್ಕ’ ಕಟ್ಟಿಸಿಕೊಂಡು ಪ್ರಶಸ್ತಿ ಕೊಡುವವರ ಹತ್ತಿರ ಸುಳಿಯಬೇಡಿ. ಪ್ರಚಾರದ ಪ್ಯಾಕೇಜ್‌ಗೂ ದುಡ್ಡು ಸುರಿಯಬೇಡಿ. ನಾನೇ ಒಮ್ಮೆ ಕೊಟ್ಟಿದ್ದೆ. ಯಾವುದೋ ವಾಟ್ಸ್‌ಆ್ಯಪ್ ಗುಂಪುಗಳಿಗೆ ಪೋಸ್ಟರ್ ಹೋಯಿತು, ಪುಸ್ತಕ ಒಂದೂ ಹೋಗಲಿಲ್ಲ.

ಜಾಲತಾಣಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ, ವಾರಕ್ಕೊಮ್ಮೆ ಏನಾದರೂ ಬರೆಯಿರಿ. ಪುಸ್ತಕದ ಕೊನೆಯ ಪುಟದಲ್ಲಿ ಇಮೇಲ್ ವಿಳಾಸ ಹಾಕಿಸಿ. ಓದಿದವರು ಬರೆದರೆ ಅದೇ ವಾರ ಉತ್ತರಿಸಿ, ಅವರ ಹೆಸರು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ಪುಸ್ತಕ ಬಂದಾಗ ಮೊದಲು ತಿಳಿಸಬೇಕಾದದ್ದು ಅವರಿಗೇ.