ಹೊಳೆದಂಡೆಗೆ ಸೈಕಲ್ ಪಥ ಬೇಡ ಎಂದು ನಾವು ಹೇಳಿದ್ದು ಹೀಗೆ

ಕುಶಾಲನಗರಕ್ಕೂ ಸಿದ್ದಾಪುರಕ್ಕೂ ನಡುವೆ ಕಾವೇರಿ ದಂಡೆಯಲ್ಲಿ ನಮ್ಮೂರಿನ ಒಂದಿಷ್ಟು ಪೈಸಾರಿ ಜಾಗ, ಅಂದರೆ ಸರ್ಕಾರಿ ಜಮೀನು, ಇದೆ. ಬಟ್ಟೆ ಒಗೆಯಲು, ದನಕ್ಕೆ ನೀರು ಕುಡಿಸಲು, ಬೇಸಿಗೆಯಲ್ಲಿ ಮಕ್ಕಳು ಈಜಲು ಎಲ್ಲರಿಗೂ ಅದೇ. ಅಲ್ಲಿ ಪ್ರವಾಸಿಗರಿಗಾಗಿ ಕಾಂಕ್ರೀಟ್ ಸೈಕಲ್ ಪಥ ಬರುತ್ತದೆ ಎಂದು ಸುದ್ದಿಯಾಯಿತು. ಸೈಕಲ್ ಮೇಲೆ ನಮಗೇನೂ ಸಿಟ್ಟಿರಲಿಲ್ಲ. ತಕರಾರು ಜಾಗದ್ದು.

ಸುದ್ದಿ ಕೇಳಿ ಗಲಾಟೆ ಮಾಡಿದರೆ ‘ಅಂಥ ಯೋಜನೆಯೇ ಇಲ್ಲ’ ಅನ್ನುತ್ತಾರೆ. ಅದಕ್ಕೇ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ನಮೂನೆ ಎ, ಶುಲ್ಕ 10 ರೂಪಾಯಿ. ‘ಯಾಕೆ ಮಾಡುತ್ತೀರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಇರುವ ದಾಖಲೆಯ ಪ್ರತಿ ಕೇಳಬೇಕು: ಅಂದಾಜು ಪಟ್ಟಿ, ನಕ್ಷೆ, ಸರ್ವೆ ನಂಬರು, ಮರ ಕಡಿಯಲು ಪಡೆದ ಅನುಮತಿ. 30 ದಿನದಲ್ಲಿ ಕೊಡಬೇಕು ಎನ್ನುತ್ತದೆ ಕಾನೂನು. ನಮಗೆ ಸಿಕ್ಕಿದ್ದು ಮೇಲ್ಮನವಿ ಹಾಕಿದ ಮೇಲೆ.

ನಕ್ಷೆ ನೋಡಿದರೆ ಪ್ರವಾಹದ ಮಟ್ಟವನ್ನೇ ಗುರುತಿಸಿರಲಿಲ್ಲ! 2018ರ, 2019ರ ಆಗಸ್ಟ್ ಇಲ್ಲಿ ಯಾರು ಮರೆತಿದ್ದಾರೆ? ಆಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಮನೆಮನೆಯ ಗೋಡೆಯಲ್ಲಿ ಗುರುತಿದೆ. ಟೇಪು ಹಿಡಿದು ಅಳೆದೆವು, ಫೋಟೊ ತೆಗೆದೆವು. ಅದೇ ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆವು. ಇಡೀ ಪಥ ಗೆರೆಯ ಒಳಗೇ ಇತ್ತು. ನೂರು ಭಾಷಣಕ್ಕಿಂತ ಆ ಗೆರೆಯೇ ಜಾಸ್ತಿ ಕೆಲಸ ಮಾಡಿತು ಅನ್ನಿಸುತ್ತದೆ ನನಗೆ.

ಗ್ರಾಮಸಭೆಯಲ್ಲಿ ಇದನ್ನೇ ವಿವರಿಸಿದೆವು. ದಂಡೆಯ ಮಣ್ಣನ್ನು ಹಿಡಿದಿರುವುದು ಹೊಳೆಮತ್ತಿ, ಅತ್ತಿ, ಬಿದಿರಿನ ಬೇರು. ಪಾಯ ತೋಡಿದರೆ ಆ ಬೇರು ಹೋಯಿತು. ಆಮೇಲೆ ಹೊಳೆ ತುಂಬಿದಾಗ ನೀರು ಕಾಂಕ್ರೀಟಿನ ಅಂಚಿನ ಅಡಿಯಿಂದ ಮಣ್ಣು ಕೊರೆಯುತ್ತದೆ. ಕೆಳಗೆ ಪೊಳ್ಳಾದ ಮೇಲೆ ಮೇಲಿನದು ತಾನಾಗಿ ಮುರಿಯುತ್ತದೆ.

ಎದುರು ಮಾತೂ ಬಂತು. ಹೋಂಸ್ಟೇ ನಡೆಸುವ ಹುಡುಗನೊಬ್ಬ ಎದ್ದು ನಿಂತು, “ಅಕ್ಕಾ, ಜನ ಬಂದರೆ ತಾನೇ ನಮಗೆ ಊಟ?” ಅಂದ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಕಾಫಿ ಬೆಳೆಗೆ ಕೂಲಿ ಕೊಟ್ಟು ಉಳಿಯುವುದೆಷ್ಟು ಅಂತ ನಮಗೂ ಗೊತ್ತು. ಅದಕ್ಕೆ ಬದಲಿ ದಾರಿ ತೋರಿಸಿದೆವು. ತೋಟಗಳ ಹಿಂದೆ ಹಳೆಯ ಮಣ್ಣಿನ ರಸ್ತೆ ಇದೆ, ಎತ್ತರದಲ್ಲಿ. ಅದರ ಚರಂಡಿ ಬಿಡಿಸಿ, ಗುಂಡಿ ಮುಚ್ಚಿದರೆ ಸೈಕಲ್‌ಗೆ ಸಾಕು. ಹೊಳೆಗೆ ಇಳಿಯುವವರು ನಡೆದು ಇಳಿಯಲಿ. ಕೊನೆಗೆ ಆ ಹುಡುಗನೂ ಸಹಿ ಹಾಕಿದ.

ಒಂದು ವಿಷಯ ಮರೆಯಬೇಡಿ. ಆಕ್ಷೇಪಣೆ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಸಭೆಯಿಂದ ಏಳಬಾರದು. ‘ಆಮೇಲೆ ಬರೆಯುತ್ತೇವೆ’ ಅಂದರೆ ಒಪ್ಪಬೇಡಿ. ಅದರ ಪ್ರತಿ, ನಕ್ಷೆ, ಫೋಟೊ ಎಲ್ಲ ಸೇರಿಸಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟೆವು. ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೆವು.

ಪಥ ಈಗ ಮೇಲಿನ ರಸ್ತೆಗೆ ಹೋಗಿದೆ. ದಂಡೆಯಲ್ಲಿ ಮೆಟ್ಟಿಲು, ಬೆಂಚು ಹಾಕುವ ಮಾತು ಮಾತ್ರ ಇನ್ನೂ ನಿಂತಿಲ್ಲ. ಅದರ ನಕ್ಷೆಗೂ ಅರ್ಜಿ ಹಾಕಿದ್ದೇವೆ.