ಪತ್ರಲೇಖೆ: ಮಗಳಿಗೆ ಹೆಸರು ಹುಡುಕಿದ ನನ್ನ ಅನುಭವ

ಈ ಜೂನ್‌ನಲ್ಲಿ ಮಗಳನ್ನು ಎಲ್‌ಕೆಜಿಗೆ ಸೇರಿಸಿದೆವು. ಅವಳ ಕ್ಲಾಸಿನಲ್ಲಿ ಮೂವರು ಆದ್ಯಾ, ಇಬ್ಬರು ಸಾನ್ವಿ. ಪತ್ರಲೇಖೆ ಒಬ್ಬಳೇ. ಮೊದಲ ವಾರ ಮಿಸ್ಸು ತಡವರಿಸಿದರು, ಎರಡನೇ ವಾರ ನಾಲಿಗೆ ಹೊರಳಿತು. ನಾಲ್ಕು ವರ್ಷದ ಹಿಂದೆ ‘ಮಗು ದೊಡ್ಡವಳಾದ ಮೇಲೆ ನಿನ್ನನ್ನೇ ಬೈತಾಳೆ ನೋಡು’ ಎಂದಿದ್ದ ಅತ್ತೆ, ಮೊನ್ನೆ ಮದುವೆಮನೆಯಲ್ಲಿ ಯಾರ ಹತ್ತಿರವೋ ‘ನಮ್ಮ ಮೊಮ್ಮಗಳದ್ದು ಸಾವಿರ ವರ್ಷದ ಹೆಸರು’ ಎಂದು ಹೇಳಿಕೊಳ್ಳುತ್ತಿದ್ದರು. ಅದನ್ನು ಕಿವಿಯಾರೆ ಕೇಳಿದ ಮೇಲೇ ಇದನ್ನು ಬರೆಯಲು ಕೂತೆ.

ಮಗು ಹುಟ್ಟಿದ ನಕ್ಷತ್ರದ ನಾಲ್ಕು ಪಾದಕ್ಕೆ ಒಂದೊಂದು ಅಕ್ಷರ, ಹೆಸರು ಆ ಅಕ್ಷರದಿಂದಲೇ ಶುರುವಾಗಬೇಕು, ಇವೆಲ್ಲ ನಿಮಗೆ ಗೊತ್ತೇ ಇರುತ್ತೆ, ಬಿಡಿ. ನಾನು ಐದನೇ ತಿಂಗಳಿಂದಲೇ ನೋಟ್‌ಬುಕ್ ಶುರು ಮಾಡಿದ್ದೆ. ಹಳಗನ್ನಡ ಕಾವ್ಯಗಳಿಂದ, ವಚನಗಳಿಂದ, ಕಾದಂಬರಿಗಳಿಂದ ಹೆಣ್ಣು ಹೆಸರು ಸಿಕ್ಕಿದ್ದೆಲ್ಲ ಬರೆದುಕೊಂಡೆ. ಸುಮಾರು 140 ಆದವು. ಗಂಡು ಹೆಸರಿಗೆ ಒಂದೇ ಪುಟ. ನಮ್ಮನೆಯವರು ‘ಗಂಡಾದರೆ ಏನು ಮಾಡ್ತೀಯ’ ಎಂದು ಕೇಳುತ್ತಲೇ ಇದ್ದರು. ಆಗ ನೋಡೋಣ ಅಂದೆ.

ದುಡ್ಡಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕಗಳಿಗೆ 1,800 ಆಸುಪಾಸು. ಅದು ದಂಡವಲ್ಲ, ಪುಸ್ತಕ ಮನೆಯಲ್ಲೇ ಇವೆ. ಹೆಸರಿನ ಆ್ಯಪಿಗೆ 299, ಶುದ್ಧ ದಂಡ. ಸಾನ್ವಿ ಅಂದರೆ ಲಕ್ಷ್ಮಿ ಅಂತ ಅದು ಹೇಳಿತು. ಕಿಟೆಲ್ ನಿಘಂಟು ತೆಗೆದು ಹುಡುಕಿದೆ, ಆ ಪದವೇ ಇಲ್ಲ. ಮೈದುನ ಒತ್ತಾಯ ಮಾಡಿದ್ದಕ್ಕೆ ಸಂಖ್ಯಾಶಾಸ್ತ್ರದವರಿಗೆ 1,100. ಅವರು ಹೆಸರಿಗೆ ಒಂದು ‘ಎಚ್’ ಜಾಸ್ತಿ ಹಾಕಿ ಅಂದರು. ಯಾವ ಹೆಸರಿಗೆ ಅಂತ ಕೇಳಿದರೆ, ಯಾವುದಾದರೂ ಸರಿ ಅಂದರು!

ಎಲ್ಲಕ್ಕಿಂತ ನೋವಾದದ್ದು ಬೆಳ್ಳಿ ಲೋಟ. ನನಗೆ ಮೊದಲು ಹಿಡಿಸಿದ್ದು ಆದಿಪುರಾಣದ ನೀಲಾಂಜನೆ. ಅದೇ ಖಾಯಂ ಎಂದುಕೊಂಡು ಏಳನೇ ತಿಂಗಳಲ್ಲೇ ಲೋಟದ ಮೇಲೆ ಕೆತ್ತಿಸಿಬಿಟ್ಟೆ. ಒಂದು ದಿನ ಅತ್ತೆ ‘ಯಾರವಳು?’ ಎಂದರು. ನಾನು ಉತ್ಸಾಹದಲ್ಲಿ ಕತೆ ಹೇಳಿದೆ. ಮುಂದೆ ಜೈನರ ಮೊದಲ ತೀರ್ಥಂಕರನಾದ ಋಷಭನ ಸಭೆಯಲ್ಲಿ ಕುಣಿಯುತ್ತಾ ಕುಣಿಯುತ್ತಾ ಅವಳ ಆಯುಸ್ಸು ಮುಗಿಯಿತು, ರಸಭಂಗ ಆಗಬಾರದು ಅಂತ ಇಂದ್ರ ಅವಳಂಥವಳನ್ನೇ ಇನ್ನೊಬ್ಬಳನ್ನು ತಂದು ನಿಲ್ಲಿಸಿದ, ಅದು ಗೊತ್ತಾಗಿದ್ದು ಋಷಭನಿಗೆ ಒಬ್ಬನಿಗೇ, ಅಲ್ಲಿಂದಲೇ ಅವನಿಗೆ ವೈರಾಗ್ಯ ಬಂತು. ಎಷ್ಟು ಚಂದ ಅಲ್ವಾ? ಅಡುಗೆಮನೆಯಲ್ಲಿ ಐದು ನಿಮಿಷ ಯಾರೂ ಮಾತಾಡಲಿಲ್ಲ. ಬಸುರಿ ಬಾಯಲ್ಲಿ ಅಂಥ ಕತೆ! ಕೆತ್ತಿದ್ದಕ್ಕೆ 350, ಅಳಿಸಿ ಪಾಲಿಶ್ ಮಾಡಿಸಿದ್ದಕ್ಕೆ 400, ಬೆಳ್ಳಿಯೂ ಒಂದೆರಡು ಗ್ರಾಂ ಹೋಯಿತು. ಬೆಳಕಿಗೆ ಹಿಡಿದರೆ ‘ನೀ’ ಇನ್ನೂ ಕಾಣುತ್ತೆ.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ: ಹೆಸರು ಚಂದ ಇದ್ದರೆ ಸಾಲದು, ಅವಳ ಕತೆಯನ್ನು ಅತ್ತೆಗೆ ಹೇಳುವಂತಿರಬೇಕು. ಅಲ್ಲಿಗೆ ಜನ್ನನ ಅಮೃತಮತಿ ಹೋದಳು. ಮಾವುತನ ಹಾಡಿಗೆ ಮನಸೋತು ಗಂಡನಿಗೆ ವಿಷ ಹಾಕಿದವಳು. ಪಂಪನ ಶ್ರೀಮತಿ ಹೋದಳು. ಅರ್ಜಿಯಲ್ಲಿ ‘ಕುಮಾರಿ ಶ್ರೀಮತಿ’ ಅಂತ ಬರೆಯೋದು ಹೇಗೆ? ಬ್ರಾಹ್ಮಿ ಅಂದಾಗ ಅತ್ತೆ ‘ತಂಬುಳಿ ಮಾಡ್ತೀವಲ್ಲ, ಆ ಒಂದೆಲಗಾನಾ?’ ಅಂದರು. ವಿಷಯೆ ಮಾತ್ರ ಹೊಟ್ಟೆ ಉರಿಸಿ ಹೋದಳು. ಜೈಮಿನಿ ಭಾರತದಲ್ಲಿ ಚಂದ್ರಹಾಸನಿಗೆ ‘ವಿಷ’ ಕೊಡಿ ಅಂತ ಅಪ್ಪ ಬರೆದ ಓಲೆಯಲ್ಲಿ ಅದನ್ನು ತನ್ನ ಹೆಸರು ‘ವಿಷಯೆ’ ಮಾಡಿ ಅವನನ್ನು ಉಳಿಸಿದವಳು, ಒಂದು ಅಕ್ಷರದ ಜಾಣೆ. ನಮ್ಮನೆಯವರು ‘ಜೀವನಪೂರ್ತಿ ಎಲ್ಲರೂ ಏನಮ್ಮಾ ವಿಷಯ ಅಂತಾರೆ’ ಎಂದು ನಕ್ಕುಬಿಟ್ಟರು. ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯ ನಾಯಕಿಯ ಹೆಸರು, ಕಾದಂಬರಿ ಅಂತಲೇ ಇಡೋಣ ಅಂದೆ. ಕನ್ನಡದಲ್ಲಿ ಅದು ನಾವೆಲ್ಲಿಗೇ ಹೆಸರಾಗಿ ಹೋಗಿದೆ, ಎಷ್ಟು ಪುಟ ಅಂತ ಕೇಳ್ತಾರೆ ಅಂದರು. ಅದೂ ನಿಜವೇ. ಆದರೆ ಆ ಪುಸ್ತಕ ಕೈಯಲ್ಲಿದ್ದದ್ದರಿಂದಲೇ ಪತ್ರಲೇಖೆ ಕಣ್ಣಿಗೆ ಬಿದ್ದಳು.

ಕೊನೆಗೆ 11 ಹೆಸರು ಉಳಿದವು. ಇಲ್ಲಿಂದ ನನ್ನ ಸ್ವಂತ ವಿಧಾನ. ಇದನ್ನು ಕೇಳಿ ಎಲ್ಲರೂ ನಕ್ಕಿದ್ದರು.

ಒಂದೊಂದು ಹೆಸರಿನಲ್ಲಿ ಒಂದೊಂದು ಪಾರ್ಸೆಲ್ ತರಿಸಿದೆ. ಬಾಚಣಿಗೆ, ಸೋಪಿನ ಡಬ್ಬಿ, ಹೀಗೆ ನೂರು ರೂಪಾಯಿ ಒಳಗಿನದ್ದು. ಡೆಲಿವರಿ ಹುಡುಗರು ಫೋನು ಮಾಡಿ ಹೆಸರು ಹೇಗೆ ಕರೆಯುತ್ತಾರೆ ಅಂತ ಬರೆದುಕೊಳ್ಳೋದು. ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ಗುರುತಿಲ್ಲದವರು ಓದಿದಾಗ ಏನಾಗುತ್ತೆ ಅನ್ನುವುದು ಹೀಗೇ ತಿಳಿಯಬೇಕು. ಸ್ವಯಂಪ್ರಭೆಗೆ ‘ಸ್ವಯಂ ಸೇವಾ ಸಂಘನಾ ಮೇಡಂ?’ ಅಂದ. ನೀಲಾಂಬಿಕೆ ‘ನೀಲಂ’ ಆದಳು. ಪತ್ರಲೇಖೆಗೆ ಮೂರು ಪಾರ್ಸೆಲ್ ತರಿಸಿದೆ. ಇಬ್ಬರು ಸರಿಯಾಗಿ ಓದಿದರು, ಒಬ್ಬ ‘ಪಾತ್ರೆಲೇಖ’ ಅಂದ. ಮೂರಕ್ಕೆ ಎರಡು, ಪಾಸು. ಒಟ್ಟು 1,200 ಖರ್ಚು, ಮನೆತುಂಬ ಬಾಚಣಿಗೆ.

ಎರಡನೆಯದು ಅಜ್ಜಿ ಪರೀಕ್ಷೆ. ಸಾಗರದ ಕಡೆಯ ನಮ್ಮ ಅಜ್ಜಿಗೆ ಆಗ 86, ಹಲ್ಲಿಲ್ಲ. ಅವಳ ಬಾಯಲ್ಲಿ ಹೆಸರು ಏನಾಗಿ ಹೊರಗೆ ಬರುತ್ತೋ ಮನೆಯಲ್ಲಿ ಅದೇ ಉಳಿಯೋದು. ಅಜ್ಜಿ ಎರಡು ಸಲ ಪ್ರಯತ್ನ ಮಾಡಿ ‘ಪತ್ರೆ’ ಅಂದಳು. ‘ಈಶ್ವರಂಗೆ ಏರಿಸ್ತ್ವಲೇ, ಅದೇ ಅಲ್ದನೆ?’ ಹೌದು ಅಂದೆ. ಇವತ್ತಿಗೂ ಮನೆಯಲ್ಲಿ ಪತ್ರೆಯೇ.

ನಡುವೆ ಇನ್ನೊಂದು ಪ್ರಯೋಗ ನಡೆಯಿತು. ಬಿದ್ದುಹೋದ ಹೆಸರು ಹಾಳಾಗೋದು ಬೇಡ ಅಂತ ಅಪ್ಪಯ್ಯನ ಕೊಟ್ಟಿಗೆಯ ಕರುಗಳಿಗೆ ಇಟ್ಟೆ. ಎರಡೇ ವಾರದಲ್ಲಿ ಅಮೃತಮತಿ ಹೆಸರಿಗೆ ತಿರುಗಿ ನೋಡತೊಡಗಿದಳು. ಈಗ ಹೊತ್ತಿಗೆ ಎರಡೂವರೆ ಲೀಟರ್ ಕೊಡುತ್ತಾಳೆ, ಯಾರಿಗೂ ವಿಷ ಹಾಕಿಲ್ಲ. ನೀಲಾಂಜನೆ ಮಾತ್ರ ಹಾಯುತ್ತಾಳೆ.

ಅತ್ತೆಯ ಕೊನೆಯ ತಕರಾರು ಗಟ್ಟಿಯಾಗಿಯೇ ಇತ್ತು. ಪತ್ರಲೇಖೆ ಆ ಕತೆಯ ನಾಯಕ, ರಾಜಕುಮಾರ ಚಂದ್ರಾಪೀಡನಿಗೆ ಎಲೆಅಡಿಕೆ ಕೊಡುವವಳು, ಅಂಥವಳ ಹೆಸರಾ? ನಾನು ಇದಕ್ಕೆ ತಯಾರಾಗಿದ್ದೆ. ಅವಳು ಕುಲೂತ ದೇಶದ ರಾಜನ ಮಗಳು, ಯುದ್ಧದಲ್ಲಿ ಸೆರೆಸಿಕ್ಕವಳು, ರಾಣಿ ವಿಲಾಸವತಿ ಮಗಳ ಹಾಗೆ ಸಾಕಿದವಳು. ಕತೆಯ ಕೊನೆಗೆ ಚಂದ್ರಾಪೀಡ ಚಂದ್ರನೇ ಅಂತ ಗೊತ್ತಾಗುತ್ತೆ, ಇವಳು ಅವನ ರೋಹಿಣಿ. ರೋಹಿಣಿ ಅಂದದ್ದೇ ಅತ್ತೆ ಮೆತ್ತಗಾದರು. ಅವರಮ್ಮನ ಹೆಸರು ರೋಹಿಣಿ. (ಇದು ನನಗೆ ಮೊದಲೇ ಗೊತ್ತಿತ್ತು. ಕೊನೇ ತನಕ ಹೇಳದೆ ಇಟ್ಟುಕೊಂಡಿದ್ದೆ.) ಕವಿಗಳೂ ಹೀಗೇ ಹೆಸರು ಇಡುತ್ತಿದ್ದರು, ರನ್ನ ತನ್ನ ಮಗಳಿಗೆ ತನಗೆ ಆಶ್ರಯ ಕೊಟ್ಟ ಅತ್ತಿಮಬ್ಬೆಯ ಹೆಸರನ್ನೇ ಇಟ್ಟಿದ್ದ ಎಂದೂ ಒಂದು ಮಾತು ಸೇರಿಸಿದೆ. ಅಪ್ಪಯ್ಯನಿಗೆ ಇದ್ಯಾವುದೂ ಬೇಕಾಗಲಿಲ್ಲ. ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಇದ್ದವರು, ‘ನಮ್ಮ ಇಲಾಖೆ ಹೆಸರು’ ಅಂದುಬಿಟ್ಟರು.

ಇನ್ನು ಅಕ್ಷರ. ಮಗು ಹುಟ್ಟಿದ್ದು ಉತ್ತರಾ ನಕ್ಷತ್ರ. ಟೆ, ಟೋ, ಪ, ಪಿ. ಪುರೋಹಿತರು ಮೊದಲು ಎರಡನೇ ಪಾದ, ‘ಟೋ’ ಅಂದರು. ಟೋ ಅಂತ ಏನಿಡೋದು, ಟೋಪಿನಾ? ಎರಡು ಪಾದದ ಅಂಚಿನಲ್ಲಿ ಹುಟ್ಟಿದ ಮಗು, ಡಾಕ್ಟರ ಗಡಿಯಾರಕ್ಕೂ ನರ್ಸ್ ವಾಚಿಗೂ ಆರೇಳು ನಿಮಿಷ ವ್ಯತ್ಯಾಸ ಇತ್ತು. ಇದಕ್ಕಿಂತ ಜಾಸ್ತಿ ಹೇಳಲ್ಲ. ನಾಮಕರಣದ ದಿನ ಅಕ್ಕಿಯ ಮೇಲೆ ‘ಪ’ ಅಂತಲೇ ಬರೆದೆವು.

ಒಂದು ಕಿವಿಮಾತು: ಆಸ್ಪತ್ರೆಯಲ್ಲಿ ಹೆಸರಿನ ಜಾಗ ಖಾಲಿ ಬಿಡಿ. ಜನನ ನೋಂದಣಿ 21 ದಿನದೊಳಗೆ ಆದರೆ ಸಾಕು, ಹೆಸರನ್ನು ಒಂದು ವರ್ಷದ ತನಕ ಶುಲ್ಕವಿಲ್ಲದೆ ಸೇರಿಸಬಹುದು. ನಾನು ಖಾಲಿ ಬಿಟ್ಟೆ, ಆದರೂ ಪೆಟ್ಟು ತಿಂದೆ. ಸೇರಿಸುವಾಗ ಗುಮಾಸ್ತರು ‘ಪತ್ರಲೇಕ’ ಅಂತ ಟೈಪು ಮಾಡಿದರು. ‘ಖ’ ಇರಲಿಲ್ಲ, ‘ಎ’ ಇರಲಿಲ್ಲ. ನಾನು ಓದದೆ ಸಹಿ ಹಾಕಿದೆ, ಹಳಗನ್ನಡ ಓದಿದವಳು! ಅಫಿಡವಿಟ್ಟು, ನೋಟರಿ, ಆಟೋ ಸೇರಿ 900, ನಾಲ್ಕು ಸಲ ಅಲೆದಾಟ. ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ‘E’ ಹಾಕಿಸಿದೆ. ‘A’ ಹಾಕಿದರೆ ಪತ್ರಲೇಖಾ ಆಗುತ್ತೆ, ಆ ಹೆಸರಿನ ಹಿಂದಿ ನಟಿ ಆಗಲೇ ಇದ್ದಾರೆ. ಕನ್ನಡದವಳು ಸೀತಾ ಅಲ್ಲ, ಸೀತೆ ಅಲ್ವಾ?

ಈಗ ನೆಂಟರಲ್ಲಿ ನಾಲ್ಕು ಮಕ್ಕಳಿಗೆ ನನ್ನ ನೋಟ್‌ಬುಕ್ಕಿನ ಹೆಸರೇ. ಹೋದ ವಾರ ನಾದಿನಿ ಫೋನು ಮಾಡಿದ್ದಳು. ಹೆಣ್ಣುಮಗು, ಆರ್ದ್ರಾ ನಕ್ಷತ್ರ, ಮೂರನೇ ಪಾದ. ಕು, ಘ, ಙ, ಛ. ಬಂದಿರೋದು ‘ಙ’. 140 ಹೆಸರಿನಲ್ಲಿ ಙ ಒಂದೂ ಇಲ್ಲ. ನರ್ಸ್ ವಾಚಿನಲ್ಲಿ ಎಷ್ಟು ಗಂಟೆ ಆಗಿತ್ತು ಅಂತ ವಿಚಾರಿಸೋಕೆ ಹೇಳಿದ್ದೇನೆ.